ಅವರ ಮಾತನ್ನು ಅವರ ಪತ್ರಿಕೆಯಲ್ಲೇ ಓದೋಣ



ಮಾಧ್ಯಮಗಳು ನಮ್ಮ ಕುರಿತು ತಪ್ಪು ಚಿತ್ರವನ್ನು ಕೊಡುತ್ತಿವೆ ಎಂಬ ದೂರು ನಮ್ಮ ಸಭೆಗಳಲ್ಲಿ ಕೇಳಿಬಾರದ ದಿನವಿಲ್ಲ. ಆ ದೂರು ನಿರಾಧಾರವೂ ಅಲ್ಲ. ನಮ್ಮ ಬಗ್ಗೆ ಬರೆಯುವವರು ನಮ್ಮ ಓಣಿಗೆ ಬರಲಿ, ನಮ್ಮ ಮನೆಯವರೊಡನೆ ಮಾತಾಡಲಿ, ನಮ್ಮ ಪತ್ರಿಕೆಗಳನ್ನು ಓದಲಿ, ಆ ಬಳಿಕ ಬರೆಯಲಿ ಎಂದು ನಾವು ಒತ್ತಾಯಿಸುತ್ತೇವೆ. ನ್ಯಾಯವಾದ ಒತ್ತಾಯ. ಆದರೆ ಇದೇ ಮಾನದಂಡವನ್ನು ನಾವು ಇತರರ ವಿಷಯದಲ್ಲಿ ಪಾಲಿಸುತ್ತಿದ್ದೇವೆಯೇ? ಯಹೂದಿಯೆಂದರೆ ಇಸ್ರೇಲಿನ ಸೈನಿಕ, ಜಪಾನಿಯೆಂದರೆ ಯಂತ್ರ ತಯಾರಿಸುವವನು, ಅಮೆರಿಕದ ಕಪ್ಪು ಮನುಷ್ಯನೆಂದರೆ ಕುಸ್ತಿಪಟು ಅಥವಾ ಹಾಡುಗಾರ! ಈ ಚಿತ್ರಗಳನ್ನು ನಮಗೆ ಕೊಟ್ಟವರು ಯಾರು? ನಮ್ಮ ಚಿತ್ರವನ್ನು ಅವರಿಗೆ ಕೊಟ್ಟ ಅದೇ ಸುದ್ದಿಸಂಸ್ಥೆಗಳು, ಅದೇ ಸಿನಿಮಾ. ನಮ್ಮ ವಿಷಯದಲ್ಲಿ ನಂಬಲರ್ಹವಲ್ಲದ ಬಾಯಿ ಇತರರ ವಿಷಯದಲ್ಲಿ ಹೇಗೆ ನಂಬಲರ್ಹವಾಯಿತು ಎಂದು ನಾವು ಯೋಚಿಸುವುದಿಲ್ಲ.

ಇಂದು ನಮಗೆ ಕೊಡಲಾದ ವಿಷಯ, ಅಂತರ್ಜಾಲ ಮತ್ತು ಸಮುದಾಯ ಪತ್ರಿಕೆಗಳ ಮೂಲಕ ಅನ್ಯ ಸಂಸ್ಕೃತಿಗಳ ಪರಿಚಯ. ಸಮುದಾಯ ಪತ್ರಿಕೆ ಎಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಮುಂಬಯಿಗೆ ಹೊಟ್ಟೆಪಾಡಿಗಾಗಿ ಹೋದ ನಮ್ಮ ಊರಿನವರು ಅಲ್ಲಿ ‘ಕರ್ನಾಟಕ ಮಲ್ಲ’ ಎಂಬ ಕನ್ನಡ ದಿನಪತ್ರಿಕೆಯನ್ನು ಕಂಡಿದ್ದಾರೆ, ‘ಮೊಗವೀರ’ ಮಾಸಿಕವನ್ನು ಓದಿದ್ದಾರೆ. ಗಲ್ಫಿನಲ್ಲಿರುವ ಮಕ್ಕಳು ಬೆಳಿಗ್ಗೆ ಎದ್ದು ಮಂಗಳೂರಿನ ವೆಬ್‌ಸೈಟ್‌ಗಳಲ್ಲಿ ಊರಿನ ಸುದ್ದಿಯನ್ನು ನೋಡುತ್ತಾರೆ. ಪರವೂರಿನಲ್ಲಿ ಅಲ್ಪಸಂಖ್ಯಾತರಾಗಿ ಬದುಕುವವರು ತಮ್ಮ ತಮ್ಮೊಳಗೆ ನಡೆಸುವ ಮಾತುಕತೆಯೇ ಈ ಪತ್ರಿಕೆಗಳ ಜೀವಾಳ. ಅಮೆರಿಕದಲ್ಲಿ ಇದಕ್ಕೆ ಎಥ್ನಿಕ್ ಮೀಡಿಯಾ ಎನ್ನುತ್ತಾರೆ. ಅಲ್ಲಿ ಇದರ ಇತಿಹಾಸ ಬಹಳ ದೀರ್ಘ. ಕಪ್ಪು ಜನರ ಮೊದಲ ಪತ್ರಿಕೆ ‘ಫ್ರೀಡಮ್ಸ್ ಜರ್ನಲ್’ ಹೊರಟದ್ದು 1827ರಲ್ಲಿ, ಗುಲಾಮಗಿರಿ ರದ್ದಾಗುವುದಕ್ಕೆ ಮೂರೂವರೆ ದಶಕಗಳಿಗೂ ಮೊದಲು. ಮರುವರ್ಷವೇ ಮೂಲನಿವಾಸಿ ಚೆರೋಕಿ ಜನರು ತಮ್ಮ ಲಿಪಿಯಲ್ಲಿ ‘ಚೆರೋಕಿ ಫೀನಿಕ್ಸ್’ ಹೊರತಂದರು. 1892ರಲ್ಲಿ ನ್ಯೂಯಾರ್ಕಿನಿಂದ ಅರಬಿ ಪತ್ರಿಕೆ ‘ಕೌಕಬ್ ಅಮೆರಿಕ’ ಬಂತು. 1913ರ ನವೆಂಬರ್ 1ರಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟ ‘ಗದರ್’ ಪತ್ರಿಕೆಯ ಮೊದಲ ಭಾಷೆ ಉರ್ದು, ಆ ಮೇಲೆ ಗುರುಮುಖಿ. ಭೋಪಾಲದ ಮೌಲವಿ ಬರ್ಕತುಲ್ಲಾಹ್ ಅವರು ಟೋಕಿಯೋವನ್ನು ತೊರೆದು ಬಂದು ಸೇರಿದ್ದು ಇದೇ ಗದರ್ ಬಳಗವನ್ನು. ಬ್ರಿಟಿಷರು ಭಾರತದಲ್ಲಿ ನಿಷೇಧಿಸಿದ್ದ ಆ ಪತ್ರಿಕೆಯ ಹಾಳೆಗಳನ್ನು ಇಂದು ನಮ್ಮ ಪದವಿ ತರಗತಿಯ ಹುಡುಗಿಯೊಬ್ಬಳು ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಬಹುದು. ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರು 2008ರಲ್ಲಿ ಸ್ಥಾಪಿಸಿದ ‘ಸಾಡಾ’ ಎಂಬ ಡಿಜಿಟಲ್ ಸಂಗ್ರಹದಲ್ಲಿ ಅದು ದೊರೆಯುತ್ತದೆ.

ಮೊದಲು ಯಹೂದಿಗಳ ಒಂದು ಪತ್ರಿಕೆಯ ಮಾತು ಹೇಳಿ ಮುಂದೆ ಹೋಗೋಣ. 1897ರಲ್ಲಿ ನ್ಯೂಯಾರ್ಕಿನಲ್ಲಿ ‘ಫೋರ್ವರ್ಟ್ಸ್’ ಎಂಬ ದೈನಿಕ ಆರಂಭವಾಯಿತು. ಭಾಷೆ ಯಿಡ್ಡಿಷ್, ಓದುಗರು ರಶ್ಯಾ ಮತ್ತು ಪೋಲೆಂಡಿನಿಂದ ಓಡಿಬಂದ ಬಡ ಯಹೂದಿಗಳು. ಹೆಚ್ಚಿನವರು ಬಟ್ಟೆ ಹೊಲಿಯುವ ಕಾರ್ಖಾನೆಗಳ ಕೂಲಿಗಳು. 1906ರಲ್ಲಿ ಸಂಪಾದಕ ಅಬ್ರಹಾಂ ಕಾಹನ್ ಓದುಗರ ಪತ್ರಗಳಿಗೊಂದು ಅಂಕಣ ತೆರೆದರು. ಸಂಬಳ ಕೊಡದ ಯಜಮಾನ, ಧರ್ಮವನ್ನು ಬಿಟ್ಟ ಮಗ, ಹಳ್ಳಿಯಲ್ಲಿ ಉಳಿದ ತಾಯಿ, ಎಲ್ಲವೂ ಆ ಪತ್ರಗಳಲ್ಲಿ ಬಂದವು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಗಂಡಂದಿರ ಕಥೆಗಳೂ ಬಂದವು. ಅಂಥ ಗಂಡಂದಿರ ಭಾವಚಿತ್ರಗಳನ್ನೇ ಪತ್ರಿಕೆ ಸಾಲಾಗಿ ಮುದ್ರಿಸತೊಡಗಿತು, ಕಂಡವರು ತಿಳಿಸಲಿ ಎಂದು! ಪರದೇಶಕ್ಕೆ ಹೋಗಿ ಹತ್ತು ವರ್ಷ ಪತ್ರವನ್ನೂ ಹಣವನ್ನೂ ಕಳುಹಿಸದ ಗಂಡಂದಿರ ಮನೆಗಳು ನಮ್ಮ ಊರುಗಳಲ್ಲಿಲ್ಲವೇ? ಆದರೆ ಅವರ ಫೋಟೋ ಹಾಕುವ ಧೈರ್ಯ ನಮ್ಮಲ್ಲಿ ಯಾವ ಪತ್ರಿಕೆಗೆ ಇದೆ? ಪ್ಯಾಲೆಸ್ತೀನಿನ ಜನತೆಯ ಮೇಲಿನ ಅನ್ಯಾಯವನ್ನು ನಾವು ಖಂಡಿಸುತ್ತೇವೆ, ಖಂಡಿಸುತ್ತಲೇ ಇರುತ್ತೇವೆ. ಹಾಗೆಂದು ಒಂದು ರಾಷ್ಟ್ರದ ಸರಕಾರವನ್ನೂ ಜಗತ್ತಿನ ಎಲ್ಲೆಡೆ ಹರಡಿರುವ ಒಂದು ಜನಾಂಗವನ್ನೂ ಒಂದೇ ಎಂದು ಭಾವಿಸಿದರೆ, ನಮ್ಮನ್ನು ಹಾಗೆ ಭಾವಿಸುವವರನ್ನು ಪ್ರಶ್ನಿಸಲು ನಮಗೆ ಯಾವ ನೈತಿಕ ಹಕ್ಕಿದೆ?

ಇನ್ನು ಇಂದಿನ ಮುಖ್ಯ ವಿಷಯಕ್ಕೆ ಬರೋಣ. ಅದು ಅಮೆರಿಕದ ಜಪಾನಿ ಮೂಲದವರ ಪತ್ರಿಕೆಗಳ ಕಥೆ. ಇದನ್ನೇ ಆರಿಸಿಕೊಂಡದ್ದೇಕೆ ಎಂಬುದು ಕೇಳುತ್ತಾ ಹೋದಂತೆ ತಮಗೇ ಸ್ಪಷ್ಟವಾಗುವುದು.

1903ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ರಾಫು ಶಿಂಪೋ’ ಪತ್ರಿಕೆ ಹುಟ್ಟಿತು. ಜಪಾನಿನಿಂದ ಬಂದ ಮೊದಲ ತಲೆಮಾರು ಕೃಷಿ ಕೂಲಿಗಳಾಗಿ, ಮೀನುಗಾರರಾಗಿ, ತರಕಾರಿ ವ್ಯಾಪಾರಿಗಳಾಗಿ ನೆಲೆಯೂರುತ್ತಿದ್ದ ಕಾಲವದು. ಅವರು ಅಮೆರಿಕದ ಪೌರರಾಗುವುದಕ್ಕೆ ಕಾನೂನಿನಲ್ಲಿ ಅವಕಾಶವಿರಲಿಲ್ಲ. ಆ ಬಾಗಿಲು ತೆರೆದದ್ದು 1952ರಲ್ಲಿ. ಅಲ್ಲಿ ಹುಟ್ಟಿದ ಮಕ್ಕಳು ಮಾತ್ರ ಹುಟ್ಟಿನಿಂದಲೇ ಪೌರರು. ಆ ಮಕ್ಕಳಿಗಾಗಿ ಪತ್ರಿಕೆ 1926ರಲ್ಲಿ ಇಂಗ್ಲಿಷ್ ವಿಭಾಗವನ್ನು ಆರಂಭಿಸಿತು. ತಂದೆ ಬಲಬದಿಯಿಂದ ಜಪಾನಿಯನ್ನು ಓದುವುದು, ಮಗ ಎಡಬದಿಯಿಂದ ಇಂಗ್ಲಿಷ್ ಓದುವುದು. ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಉದ್ಯೋಗಕ್ಕೆ ಇಂಗ್ಲಿಷನ್ನು ಆಶ್ರಯಿಸುವ ನಮಗೆ ಈ ಏರ್ಪಾಡು ಬಹಳ ಪರಿಚಿತವಾಗಿಯೇ ತೋರುತ್ತದೆ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಅದೇ ದಿನ ರಾಫು ಶಿಂಪೋದ ಪ್ರಕಾಶಕ ಎಚ್. ಟಿ. ಕೊಮಾಯಿ ಅವರನ್ನು ಎಫ್‌ಬಿಐ ಬಂಧಿಸಿತು. ದಾಳಿ ಮಾಡಿದ್ದು ಸಾವಿರಾರು ಮೈಲಿ ದೂರದ ಚಕ್ರವರ್ತಿಯ ನೌಕಾಪಡೆ. ಬಂಧನವಾದದ್ದು ಲಾಸ್ ಏಂಜಲೀಸ್‌ನ ಪತ್ರಿಕಾ ಪ್ರಕಾಶಕನ! ಸಮುದಾಯದ ಶಿಕ್ಷಕರು, ಬೌದ್ಧ ಪುರೋಹಿತರು, ಸಂಘಗಳ ಮುಖ್ಯಸ್ಥರು, ಪತ್ರಕರ್ತರು ಮೊದಲ ಸುತ್ತಿನಲ್ಲೇ ಬಂಧಿತರಾದರು. ಒಂದು ಸಮುದಾಯವನ್ನು ಮೂಕವಾಗಿಸುವುದು ಹೇಗೆಂದು ಬಲ್ಲವರ ಕೆಲಸ ಅದು.

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಕಾರ್ಯಾದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಅವರ ಮನೆ, ಅಂಗಡಿ, ಹೊಲಗಳಿಂದ ಎಬ್ಬಿಸಿ ಹತ್ತು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಲ್ಲಿಯೇ ಹುಟ್ಟಿದ ಅಮೆರಿಕನ್ ಪೌರರು. ಆರೋಪಪಟ್ಟಿಯಿಲ್ಲ, ವಿಚಾರಣೆಯಿಲ್ಲ. ದೊಡ್ಡ ಪತ್ರಿಕೆಗಳು ಈ ಕ್ರಮವನ್ನು ಬೆಂಬಲಿಸಿದವು. ಕೆಲವು ಅದಕ್ಕಾಗಿ ಒತ್ತಾಯವನ್ನೇ ಮಾಡಿದ್ದವು. ಉತ್ತರ ಕೊಡಬೇಕಾದ ಸಮುದಾಯದ ಪತ್ರಿಕೆಗಳು ಆ ವೇಳೆಗೆ ಒಂದೊಂದಾಗಿ ಮುಚ್ಚುತ್ತಿದ್ದವು. ರಾಫು ಶಿಂಪೋ 1942ರ ಎಪ್ರಿಲ್ 4ರಂದು ನಿಂತಿತು. ಮುಚ್ಚುವ ಮೊದಲು ಪ್ರಕಾಶಕರ ಮಗ ಅಕಿರಾ ಕೊಮಾಯಿ ಜಪಾನಿ ಲಿಪಿಯ ಸೀಸದ ಅಚ್ಚುಮೊಳೆಗಳನ್ನು ಕಚೇರಿಯ ನೆಲಹಲಗೆಗಳ ಕೆಳಗೆ ಅಡಗಿಸಿಟ್ಟರು. ಜಪಾನಿ ಮುದ್ರಣಕ್ಕೆ ಸಾವಿರಾರು ಬೇರೆ ಬೇರೆ ಅಕ್ಷರಗಳು ಬೇಕು. ಒಮ್ಮೆ ಕಳೆದುಹೋದರೆ ಮತ್ತೆ ಸಿಗುವ ಮಾತಿಲ್ಲ. ಯುದ್ಧ ಮುಗಿದು ಶಿಬಿರದಿಂದ ಮರಳಿದಾಗ ಅವು ಅಲ್ಲಿಯೇ ಇದ್ದವು. 1946ರ ಜನವರಿ 1ರಂದು ಪತ್ರಿಕೆ ಪುನಃ ಹೊರಟಿತು.

ಶಿಬಿರಗಳ ಒಳಗೂ ಪತ್ರಿಕೆಗಳಿದ್ದವು ಎಂಬುದು ಅನೇಕರಿಗೆ ತಿಳಿಯದು. ಕ್ಯಾಲಿಫೋರ್ನಿಯದ ಮಂಜನಾರ್ ಶಿಬಿರದ ಪತ್ರಿಕೆಗೆ ‘ಮಂಜನಾರ್ ಫ್ರೀ ಪ್ರೆಸ್’ ಎಂದು ಹೆಸರು. ಮುಳ್ಳುತಂತಿಯೊಳಗೆ ಮುಕ್ತ ಪತ್ರಿಕೆ! ಅಧಿಕಾರಿಗಳ ಕಣ್ಣಿನ ಕೆಳಗೆ ಹೊರಡುತ್ತಿದ್ದ ಅದರಲ್ಲಿ ಬೇಸ್‌ಬಾಲ್ ಪಂದ್ಯದ ಫಲಿತಾಂಶ, ಶಾಲೆಯ ವೇಳಾಪಟ್ಟಿ, ಜನನ ಮರಣದ ವಿವರ, ಊಟದ ಮನೆಯ ಸೂಚನೆಗಳು ತುಂಬಿವೆ. ಮೇಲ್ನೋಟಕ್ಕೆ ಇದರಲ್ಲಿ ಏನಿದೆ ಎನ್ನಿಸಬಹುದು. ಬಂಧನದಲ್ಲಿದ್ದವರು ಮಕ್ಕಳನ್ನು ಓದಿಸಿದರು, ಮದುವೆ ಮಾಡಿಸಿದರು, ಆಡಿದರು, ಸತ್ತವರನ್ನು ಗೌರವದಿಂದ ಕಳುಹಿಸಿಕೊಟ್ಟರು ಎಂಬುದು ಇದೇ ಸಣ್ಣ ಸಾಲುಗಳಿಂದ ತಿಳಿಯುತ್ತದೆ. ಬರೆದುದಕ್ಕಿಂತ ಬರೆಯಲಾಗದೆ ಬಿಟ್ಟುದನ್ನೂ ಅಲ್ಲಿ ಓದಬೇಕು. ಈ ಶಿಬಿರ ಪತ್ರಿಕೆಗಳ ಸಂಚಿಕೆಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಶುಲ್ಕವಿಲ್ಲ. ಅಂದು ಅವರನ್ನು ಬಂಧಿಸಿದ ಸರಕಾರದ ಗ್ರಂಥಾಲಯವೇ ಇಂದು ಆ ಹಾಳೆಗಳನ್ನು ಜಗತ್ತಿನ ಮುಂದೆ ಇಟ್ಟಿರುವುದು ಗಮನಾರ್ಹ.

ಇಲ್ಲಿ ಇನ್ನೊಂದು ಸಂಗತಿ ನಮ್ಮ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹೊರಗಿನವರಿಗೆ ಒಂದು ಸಮುದಾಯ ಯಾವಾಗಲೂ ಒಂದೇ ಗುಂಪಾಗಿ ಕಾಣುತ್ತದೆ. ಅದರ ಸ್ವಂತ ಪತ್ರಿಕೆಗಳಲ್ಲಿ ಹಾಗೆ ಕಾಣದು. 1944ರಲ್ಲಿ ಶಿಬಿರದ ಯುವಕರನ್ನು ಸೇನೆಗೆ ಕಡ್ಡಾಯವಾಗಿ ಕರೆಯಲಾಯಿತು. ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದ ಕೆಲವು ಯುವಕರು, ನಮ್ಮನ್ನೂ ನಮ್ಮ ಹೆತ್ತವರನ್ನೂ ಬಿಡುಗಡೆ ಮಾಡಿ, ಪೌರರ ಹಕ್ಕು ಮರಳಿಸಿ, ಆ ಬಳಿಕ ಬರುತ್ತೇವೆ ಎಂಬ ನಿಲುವು ತಳೆದರು. ಶಿಬಿರದ ಪತ್ರಿಕೆ ‘ಹಾರ್ಟ್ ಮೌಂಟನ್ ಸೆಂಟಿನೆಲ್’ ಅವರನ್ನು ಕಟುವಾಗಿ ವಿರೋಧಿಸಿತು. ನಿಷ್ಠೆಯನ್ನು ರಕ್ತದಿಂದಲೇ ಸಾಬೀತುಪಡಿಸಬೇಕು ಎಂಬುದು ಜಪಾನಿ ಅಮೆರಿಕನ್ನರ ದೊಡ್ಡ ಸಂಘಟನೆ ಜೆಎಸಿಎಲ್‌ನ ಧೋರಣೆಯೂ ಆಗಿತ್ತು. ಆದರೆ ಡೆನ್ವರ್ ನಗರದ ‘ರಾಕಿ ಶಿಂಪೋ’ ಪತ್ರಿಕೆಯ ಸಂಪಾದಕ ಜೇಮ್ಸ್ ಒಮುರಾ ಯುವಕರ ಪ್ರಶ್ನೆ ಸಂವಿಧಾನಬದ್ಧ ಎಂದು ಬರೆದರು. ಡೆನ್ವರ್ ನಿಷೇಧಿತ ವಲಯದ ಹೊರಗಿದ್ದುದರಿಂದ ಅಲ್ಲಿ ಜಪಾನಿ ಪತ್ರಿಕೆಗಳಿಗೆ ಉಸಿರಾಡಲು ಅವಕಾಶವಿತ್ತು. ಮೊದಲ ಮೊಕದ್ದಮೆಯಲ್ಲೇ 63 ಯುವಕರಿಗೆ ಶಿಕ್ಷೆಯಾಯಿತು. ಒಮುರಾ ಅವರ ಮೇಲೂ ಪಿತೂರಿಯ ಮೊಕದ್ದಮೆ ನಡೆಯಿತು. ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು, ಆದರೆ ತಮ್ಮವರೇ ಅವರನ್ನು ದೂರವಿಟ್ಟರು. 1947ರಲ್ಲಿ ಅಧ್ಯಕ್ಷ ಟ್ರೂಮನ್ ಯುವಕರಿಗೆ ಕ್ಷಮಾದಾನ ನೀಡಿದರು. ಜೆಎಸಿಎಲ್ ಅವರಲ್ಲಿ ಬಹಿರಂಗ ಕ್ಷಮೆ ಕೇಳಿದ್ದು 2002ರಲ್ಲಿ!

ಸರಕಾರ ಒಂದು ತಲೆಮಾರಿನಲ್ಲಿ ಒಪ್ಪಿಕೊಂಡ ಸತ್ಯವನ್ನು ಸಮುದಾಯದ ನಾಯಕರು ಒಪ್ಪಿಕೊಳ್ಳಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ನಿಷ್ಠೆಯನ್ನು ಸಾಬೀತುಪಡಿಸು ಎಂದು ದಿನಬೆಳಗಾದರೆ ಕೇಳಲ್ಪಡುವ ಯಾವ ಸಮುದಾಯದಲ್ಲೂ ಈ ಎರಡು ದನಿಗಳು ಇದ್ದೇ ಇರುತ್ತವೆ. ಬಾಗಿ ನಡೆದು ಬದುಕೋಣ ಎನ್ನುವವರು, ನೆಟ್ಟಗೆ ನಿಂತು ಪ್ರಶ್ನಿಸೋಣ ಎನ್ನುವವರು. ಎರಡನೆಯವರನ್ನು ದ್ರೋಹಿಗಳೆಂದು ಕರೆಯುವ ಆತುರ ಮಾತ್ರ ಬಹಳ ದುಬಾರಿಯಾದೀತು.

ಈ ಕಥೆ ಹಾಗೆಯೇ ಮರೆತುಹೋಗುವ ಸಾಧ್ಯತೆಯಿತ್ತು. ಶಿಬಿರದಿಂದ ಬಂದ ಹೆತ್ತವರು ಮಕ್ಕಳೊಡನೆ ಆ ವಿಷಯ ಆಡುತ್ತಿರಲಿಲ್ಲ. ಮೂರನೆಯ ತಲೆಮಾರು ಹಳೆಯ ಪತ್ರಿಕೆಗಳನ್ನೂ ಸರಕಾರಿ ಕಡತಗಳನ್ನೂ ಕೆದಕಲು ಆರಂಭಿಸಿತು. ಶಿಬಿರದಲ್ಲಿ ಬಾಳಿದ್ದ ಐಕೋ ಹರ್ಜಿಗ್ ಯೋಶಿನಾಗ ಎಂಬ ಮಹಿಳೆ ರಾಷ್ಟ್ರೀಯ ದಾಖಲೆಗಳ ನಡುವೆ ವರ್ಷಗಟ್ಟಲೆ ಕುಳಿತು, ಸೇನೆಯ ವರದಿಯ ತಿದ್ದುವ ಮೊದಲಿನ ಪ್ರತಿಯನ್ನು 1982ರಲ್ಲಿ ಪತ್ತೆ ಹಚ್ಚಿದರು. ಜಪಾನಿ ಮೂಲದವರಲ್ಲಿ ನಿಷ್ಠರನ್ನು ಬೇರ್ಪಡಿಸಲು ಸಮಯವಿರಲಿಲ್ಲ ಎಂದು ಸರಕಾರ ನ್ಯಾಯಾಲಯಕ್ಕೆ ಹೇಳಿತ್ತು. ಬೇರ್ಪಡಿಸುವುದೇ ಅಸಾಧ್ಯ, ಅವರ ಜನಾಂಗವೇ ಹಾಗೆ ಎಂಬುದು ಮೂಲ ವರದಿಯಲ್ಲಿದ್ದ ವಾದ. 1983ರಲ್ಲಿ ಸರಕಾರದ ಆಯೋಗವೇ, ಇದಕ್ಕೆ ಕಾರಣ ಸೇನಾ ಅಗತ್ಯವಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಎಂದಿತು. 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ರಾಷ್ಟ್ರದ ಪರವಾಗಿ ಕ್ಷಮೆ ಯಾಚಿಸಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು. ಸಿಯಾಟಲ್‌ನಲ್ಲಿ 1996ರಿಂದ ಕೆಲಸ ಮಾಡುತ್ತಿರುವ ‘ಡೆನ್ಶೋ’ ಎಂಬ ಸಂಸ್ಥೆಯ ವೆಬ್‌ಸೈಟಿನಲ್ಲಿ ಶಿಬಿರದಲ್ಲಿದ್ದವರ ಸಂದರ್ಶನಗಳನ್ನು ಅವರ ಸ್ವಂತ ದನಿಯಲ್ಲೇ ಕೇಳಬಹುದು.

ಇದೆಲ್ಲ ನಮಗೇಕೆ ಎಂದು ಕೇಳುವವರು 2001ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಿಕೊಳ್ಳಲಿ. 11ರ ದಾಳಿಯ ಬಳಿಕ ಅಮೆರಿಕದಲ್ಲಿ ಗಡ್ಡ, ರುಮಾಲು, ಶಿರವಸ್ತ್ರಗಳು ಅಪರಾಧದ ಗುರುತುಗಳಾದವು. ನಾಲ್ಕನೇ ದಿನ ಅರಿಜೋನಾದ ಮೇಸಾ ನಗರದಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ ವ್ಯಾಪಾರಿಯನ್ನು ಆತನ ಪೆಟ್ರೋಲ್ ಬಂಕಿನ ಎದುರೇ ಗುಂಡಿಟ್ಟು ಕೊಲ್ಲಲಾಯಿತು. ಕೊಂದವನಿಗೆ ಸಿಖ್ಖರು ಯಾರು, ಮುಸ್ಲಿಮರು ಯಾರು ಎಂಬುದೇ ತಿಳಿದಿರಲಿಲ್ಲ. ತಿಳಿದಿದ್ದರೆ ಮುಸ್ಲಿಮನನ್ನು ಕೊಲ್ಲುವುದು ಸರಿಯಾಗುತ್ತಿತ್ತೇ ಎಂಬ ಪ್ರಶ್ನೆ ಬೇರೆ.

ಆಗ ಮುಸ್ಲಿಮರ ಪರವಾಗಿ ಮೊದಲು ಎದ್ದುನಿಂತವರಲ್ಲಿ ಜಪಾನಿ ಅಮೆರಿಕನ್ನರು ಇದ್ದರು. ಲಾಸ್ ಏಂಜಲೀಸ್‌ನ ಲಿಟಲ್ ಟೋಕಿಯೋದಲ್ಲಿ ಅವರು ಮೇಣದ ಬತ್ತಿ ಹಿಡಿದು ಮುಸ್ಲಿಮರ ಜೊತೆ ನಿಂತರು. ಅಂದಿನ ಸಾರಿಗೆ ಸಚಿವ ನಾರ್ಮನ್ ಮಿನೆಟಾ ಬಾಲ್ಯದಲ್ಲಿ ಹಾರ್ಟ್ ಮೌಂಟನ್ ಶಿಬಿರದಲ್ಲಿದ್ದವರು. ಶಿಬಿರಕ್ಕೆ ಹೊರಟಾಗ ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧವೆಂದು ಸೈನಿಕರು ಕಿತ್ತುಕೊಂಡಿದ್ದರು ಎಂದು ಅವರು ಹೇಳುತ್ತಿದ್ದರು. ಅದೇ ಮಿನೆಟಾ, ಅರಬ್ ಅಥವಾ ಮುಸ್ಲಿಮ್ ಎಂಬ ಕಾರಣಕ್ಕೆ ಪ್ರಯಾಣಿಕರನ್ನು ಪ್ರತ್ಯೇಕಿಸಬಾರದು ಎಂದು ವಿಮಾನ ಕಂಪೆನಿಗಳಿಗೆ ಸೂಚಿಸಿದರು. ಹಾಗೆಂದು ಅನ್ಯಾಯ ನಿಲ್ಲಲಿಲ್ಲ. ನೂರಾರು ಮುಸ್ಲಿಮ್ ವಲಸಿಗರು ತಿಂಗಳುಗಟ್ಟಲೆ ಬಂಧನದಲ್ಲಿದ್ದರು. 2002ರಲ್ಲಿ 25 ದೇಶಗಳ ಗಂಡಸರಿಗೆ ವಿಶೇಷ ನೋಂದಣಿ ಕಡ್ಡಾಯವಾಯಿತು, ಅವುಗಳಲ್ಲಿ 24 ಮುಸ್ಲಿಮ್ ಬಹುಸಂಖ್ಯಾತ ದೇಶಗಳು. 2017ರಲ್ಲಿ ಅಧ್ಯಕ್ಷ ಟ್ರಂಪ್ ಕೆಲವು ಮುಸ್ಲಿಮ್ ದೇಶಗಳವರ ಪ್ರವೇಶ ನಿಷೇಧಿಸಿದಾಗ, 1942ರ ಆದೇಶವನ್ನು ಧಿಕ್ಕರಿಸಿದ್ದ ಫ್ರೆಡ್ ಕೊರೆಮಾತ್ಸು ಅವರ ಮಗಳು ಕರೆನ್, ಇತರ ಅಂಥದ್ದೇ ಕುಟುಂಬಗಳೊಡನೆ ಸುಪ್ರೀಂ ಕೋರ್ಟಿನ ಮುಂದೆ ನಿಷೇಧದ ವಿರುದ್ಧ ವಾದ ಮಂಡಿಸಿದರು. 2018ರ ಜೂನ್ 26ರ ತೀರ್ಪು ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಕೊರೆಮಾತ್ಸು ವಿರುದ್ಧ 1944ರಲ್ಲಿ ಬಂದಿದ್ದ ತೀರ್ಪು ಘೋರ ತಪ್ಪಾಗಿತ್ತು ಎಂದು ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶರು ಬರೆದರು.

ನಮ್ಮ ಪರವಾಗಿ ನಿಂತ ಈ ಜನರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅವರಿಗೆ ನಮ್ಮ ಸಂಕಟ ಅರ್ಥವಾಯಿತು. ಅವರ ಸಂಕಟ ನಮ್ಮ ಮನೆಗಳನ್ನು ತಲುಪಲೇ ಇಲ್ಲ.

ಇನ್ನು ಓದುವ ಬಗೆಯ ಕುರಿತು ಒಂದೆರಡು ಮಾತು. ಅಂತರ್ಜಾಲವೆಂದರೆ ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವುದು ಎಂದೇ ನಮ್ಮ ಹೆಚ್ಚಿನ ಮನೆಗಳಲ್ಲಿ ಆಗಿಬಿಟ್ಟಿದೆ. ಯಾರು ಬರೆದರು, ಎಂದು ಬರೆದರು ಎಂಬ ವಿಳಾಸವಿಲ್ಲದ ಬರಹಕ್ಕೆ ಪತ್ರಿಕೆಯ ಬೆಲೆಯಿಲ್ಲ. ಯಂತ್ರಾನುವಾದದಿಂದ ಈಗ ಯಾವ ಭಾಷೆಯ ಪತ್ರಿಕೆಯನ್ನೂ ಒಂದಷ್ಟು ಓದಬಹುದು, ಆದರೆ ವ್ಯಂಗ್ಯವೂ ಗಾದೆಯೂ ಅದರ ಕೈಗೆ ಸಿಗುವುದಿಲ್ಲ, ಎಚ್ಚರವಿರಲಿ. ಸಮುದಾಯ ಪತ್ರಿಕೆಯೆಂದರೆ ಸತ್ಯದ ಗಣಿಯೆಂದೂ ತಿಳಿಯಬೇಕಾಗಿಲ್ಲ. ತಮ್ಮವರ ಸನ್ಮಾನ ಸಮಾರಂಭಗಳಿಗೆ ಪುಟಗಟ್ಟಲೆ, ತಮ್ಮವರ ತಪ್ಪುಗಳಿಗೆ ಮೌನ, ಇದು ಎಲ್ಲ ಸಮುದಾಯಗಳ ಪತ್ರಿಕೆಗಳ ರೋಗ, ನಮ್ಮದಕ್ಕೂ ತಪ್ಪಿದ್ದಲ್ಲ. ಅದಕ್ಕಾಗಿಯೇ ಒಂದು ಸಮುದಾಯದ ಕನಿಷ್ಠ ಎರಡು ಪತ್ರಿಕೆಗಳನ್ನು ನೋಡಬೇಕು. ಸೆಂಟಿನೆಲ್ ಮಾತ್ರ ಓದಿದವನಿಗೆ ಒಮುರಾ ದೇಶದ್ರೋಹಿಯಾಗಿಯೇ ಉಳಿಯುತ್ತಾನೆ.

ಈ ಪತ್ರಿಕೆಗಳು ಶಾಶ್ವತವೂ ಅಲ್ಲ. ವಿವಿಧ ಸಮುದಾಯಗಳ ಪತ್ರಿಕೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಲು 1996ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾಗಿ, ಬಳಿಕ ‘ನ್ಯೂ ಅಮೆರಿಕ ಮೀಡಿಯಾ’ ಎನಿಸಿದ ಸಂಸ್ಥೆ 2017ರಲ್ಲಿ ಮುಚ್ಚಿತು. ಫೋರ್ವರ್ಟ್ಸ್ 2019ರಲ್ಲಿ ಕಾಗದವನ್ನು ಬಿಟ್ಟು ವೆಬ್‌ಸೈಟಿಗೆ ಸೀಮಿತವಾಯಿತು. ಕಪ್ಪು ಜನರ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯದೂ ಅದೇ ವರ್ಷ ಅದೇ ಸ್ಥಿತಿ. ರೈಲಿನ ಕಪ್ಪು ಕೆಲಸಗಾರರು ದಕ್ಷಿಣದ ಊರುಗಳಿಗೆ ಹೊತ್ತೊಯ್ದು ಹಂಚುತ್ತಿದ್ದ ಪತ್ರಿಕೆಯದು. ಎರಡನೇ ಮಹಾಯುದ್ಧವನ್ನು ಗೆದ್ದು ಬಂದ ರಾಫು ಶಿಂಪೋ ಕೂಡ 2016ರಲ್ಲಿ, ಅಂತರ್ಜಾಲದ ಚಂದಾದಾರರು ಸಾಕಷ್ಟು ಸಿಗದಿದ್ದರೆ ಬಾಗಿಲು ಹಾಕಬೇಕಾದೀತು ಎಂದು ಓದುಗರ ಮುಂದೆ ಕೈಚಾಚಿತು. ಓದುಗರು ಉಳಿಸಿಕೊಂಡರು. ನಮ್ಮ ಪತ್ರಿಕೆಗಳ ಚಂದಾ ನವೀಕರಿಸಲು ಮೂರು ನೆನಪಿನ ಓಲೆ ಬೇಕಾಗುವ ಸಹೋದರರು ಇದನ್ನು ಗಮನಿಸಿದರೆ ಒಳ್ಳೆಯದು.

ನಮ್ಮ ಸಲಹೆ ಇಷ್ಟೇ. ಈ ಸಭಾಂಗಣದ ಪಕ್ಕದ ವಾಚನಾಲಯದಲ್ಲಿ ಕಂಪ್ಯೂಟರ್ ಇದೆ. ವಾರಕ್ಕೊಂದು ಸಂಜೆ ಹತ್ತು ಹದಿನೈದು ಮಂದಿ ಹುಡುಗ ಹುಡುಗಿಯರು, ಸಾಧ್ಯವಾದರೆ ತಾಯಂದಿರೂ ಕೂತು, ಒಂದು ತಿಂಗಳು ಒಂದೇ ಸಮುದಾಯದ ಪತ್ರಿಕೆಯನ್ನು ಓದಲಿ. ಮಂಜನಾರ್ ಫ್ರೀ ಪ್ರೆಸ್‌ನಿಂದ ಆರಂಭಿಸಬಹುದು, ಸುಲಭದ ಇಂಗ್ಲಿಷ್ ಅದು. ಸಂಪಾದಕೀಯವನ್ನು ಕೊನೆಗೆ ಇಡಿ. ಮೊದಲು ಜನನ, ಮರಣ, ಕಳೆದುಹೋದ ವಸ್ತುಗಳ ಸಣ್ಣ ಪ್ರಕಟಣೆಗಳನ್ನು ಓದಿ. ಏನು ಕಂಡಿತೆಂದು ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ. ಮುಂದಿನ ತಿಂಗಳು ಬೇರೊಬ್ಬರು.

ಸಮಯ ಮೀರಿದೆ. ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನಲ್ಲಿರುವ ಸಹೋದರಿಯರಿಂದ ಆರಂಭಿಸೋಣ.